ಹಿಮ್ಮಡಿ ಮೇಲೆ 'ಟಪ್' ಅಂದಿತೇ? ಅಕಿಲಿಸ್ ಟೆಂಡನ್ ಹರಿದಿದೆಯೇ ಎಂದು ಪತ್ತೆ ಹಚ್ಚುವ ಕೈಪಿಡಿ

ಮೀನಖಂಡದ ಸ್ನಾಯುಗಳು ಕೆಳಗಿಳಿಯುತ್ತಾ ಒಂದು ಗಟ್ಟಿ ಹುರಿಯಾಗಿ ಹಿಮ್ಮಡಿ ಎಲುಬಿಗೆ ಸೇರುತ್ತವೆ. ಆಸ್ಪತ್ರೆ ಚೀಟಿಯಲ್ಲಿ ಅದಕ್ಕೆ ಅಕಿಲಿಸ್ ಟೆಂಡನ್ ಅಂತ ಬರೆದಿರುತ್ತದೆ. ಕಲಬುರಗಿ ಕಡೆ 'ಹಿಮ್ಮಡಿ ನರ' ಅಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಇಲ್ಲೂ ಹಾಗೇ ಕರೆಯೋಣ, ಆದರೆ ಇದು ಸ್ಪರ್ಶ ತಿಳಿಸುವ ನರ ಅಲ್ಲ.

ಇಡೀ ಮೈಯಲ್ಲಿ ಇದಕ್ಕಿಂತ ದಪ್ಪದ, ಇದಕ್ಕಿಂತ ಬಲದ ಟೆಂಡನ್ ಇನ್ನೊಂದಿಲ್ಲ. ಓಡುವಾಗ ಮೈತೂಕದ ಎಷ್ಟೋ ಪಟ್ಟು ಎಳೆತವನ್ನು ತಾಳಿಕೊಳ್ಳುತ್ತದೆ. ಅಂಥದ್ದು ಒಂದು ದಿನ ಮೆಟ್ಟಿಲು ಹತ್ತುವಾಗ ಹರಿದುಹೋಯಿತು ಅಂದರೆ ನಂಬುವುದು ಕಷ್ಟ ಅಲ್ವಾ? ಆದರೆ ಬಾವಿ ಹಗ್ಗವೂ ಹೀಗೇ. ಎಳೆ ಎಳೆಯಾಗಿ ವರ್ಷಗಟ್ಟಲೆ ಸವೆದು, ಕೊನೆಗೆ ಅರ್ಧ ಕೊಡ ನೀರು ಸೇದುವಾಗ ಹರಿಯುತ್ತದೆ. ಹರಿದದ್ದು ಇವತ್ತು, ಹಾಳಾಗಲು ಶುರುವಾದದ್ದು ಮೊದಲೇ. ಹಾಗಾಗಿ ಇಲ್ಲಿ ಎರಡು ಕೆಲಸ ಇದೆ. ನರ ಹರಿದಿದೆಯೇ ಅಂತ ನೋಡಬೇಕು. ಹರಿದಿದ್ದರೆ ಅದು ಯಾಕೆ ಅಷ್ಟು ಸೋತಿತ್ತು ಅಂತಲೂ ನೋಡಬೇಕು. ಎರಡನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ.

ಮನೆ ಪರೀಕ್ಷೆ ಬೇಡ, ನೇರ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಹಿಮ್ಮಡಿ ಹಿಂದೆ ಚರ್ಮ ಕೊಯ್ದು ಗಾಯವಾಗಿದ್ದರೆ, ಪಾದ ತಣ್ಣಗಾಗಿ ಬಿಳುಚಿಕೊಂಡಿದ್ದರೆ ಅಥವಾ ನೀಲಿಗಟ್ಟಿದ್ದರೆ, ಬೆರಳುಗಳಿಗೆ ಸ್ಪರ್ಶ ತಿಳಿಯದಿದ್ದರೆ, ಹರಡಿನ ಕೀಲು ಸೊಟ್ಟಗಾಗಿದ್ದರೆ ಕೆಳಗಿನ ಯಾವ ಪರೀಕ್ಷೆಯನ್ನೂ ಮಾಡುತ್ತಾ ಕೂರಬೇಡಿ. ಎತ್ತರದಿಂದ ಬಿದ್ದು ಹಿಮ್ಮಡಿ ಊರಲಾಗದಿದ್ದರೂ ಹಾಗೇ. ಮೀನಖಂಡ ಬಾತು ಬಿಸಿಯಾಗಿದ್ದು, ಜೊತೆಗೆ ಉಸಿರು ಕಟ್ಟುವುದು ಅಥವಾ ಎದೆನೋವು ಇದ್ದರೆ ಅದು ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿರುವ ಲಕ್ಷಣ ಇರಬಹುದು. ತಡ ಮಾಡದೆ 108ಕ್ಕೆ ಫೋನ್ ಮಾಡಿ.

ಲಕ್ಷಣ: "ಯಾರೋ ಹಿಂದಿಂದ ಒದ್ದಂಗಾತು"

ಇದು ಈ ತೊಂದರೆಯ ಸ್ವಂತ ರುಜು. ರವಿವಾರ ಬೆಳಿಗ್ಗೆ ಎನ್.ವಿ. ಮೈದಾನದಲ್ಲಿ ಕ್ರಿಕೆಟ್ ನಡೆದಿದೆ ಅನ್ನಿ. ನಲವತ್ತು ದಾಟಿದ ಒಬ್ಬರು ರನ್ನಿಗಾಗಿ ಒಮ್ಮೆಲೇ ಕಾಲು ಕಿತ್ತು ಓಡುತ್ತಾರೆ. ಎರಡನೇ ಹೆಜ್ಜೆಗೆ 'ಟಪ್' ಅನ್ನುತ್ತದೆ. ಕೆಲವೊಮ್ಮೆ ಪಕ್ಕದಲ್ಲಿದ್ದವರಿಗೂ ಕೇಳಿಸುತ್ತದೆ. ಅವರು ತಿರುಗಿ, "ಯಾಂವಪಾ ಒದ್ದಾಂವ?" ಅಂತ ನೋಡುತ್ತಾರೆ. ಹಿಂದೆ ಯಾರೂ ಇರುವುದಿಲ್ಲ. ಬ್ಯಾಡ್ಮಿಂಟನ್ ಆಡುವವರು ಜೋಡಿ ಆಟಗಾರನ ರಾಕೆಟ್ ತಗುಲಿತು ಅಂದುಕೊಳ್ಳುತ್ತಾರೆ. ಹೊರಟ ಬಸ್ಸಿನ ಮೆಟ್ಟಿಲಿಗೆ ಹಾರಿದವರು, ಮೊಹರಂನಲ್ಲಿ ಅಲಾಯಿ ಸುತ್ತ ಹೆಜ್ಜೆ ಹಾಕುತ್ತಿದ್ದವರು ಕೂಡ ಇದೇ ಮಾತು ಹೇಳುತ್ತಾರೆ. ನೋವು ಆ ಕ್ಷಣಕ್ಕೆ ಜೋರಾಗಿ ಬಂದು, ಸ್ವಲ್ಪ ಹೊತ್ತಿಗೆ ಇಳಿದುಬಿಡುವುದುಂಟು. ಮೋಸ ಹೋಗುವುದು ಅಲ್ಲೇ.

ಈ ಲಕ್ಷಣ ಇದ್ದರೆ ಕೆಳಗಿನ ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಕಾಸು ಖರ್ಚಿಲ್ಲ. ಮನೆಯವರೊಬ್ಬರು ಜೊತೆಗಿದ್ದರೆ ಸಾಕು.

1. ಸುಮ್ನೆ ನೋಡುವುದು. ಮಂಚದ ಮೇಲೆ ಬೋರಲು ಮಲಗಿಸಿ. ಎರಡೂ ಪಾದ ಮಂಚದ ಅಂಚಿನಿಂದ ಆಚೆ ಇರಲಿ. ಕಾಲು ಸಡಿಲ ಬಿಡಲು ಹೇಳಿ. ಚೆನ್ನಾಗಿರುವ ಪಾದ ಬೆರಳುಗಳನ್ನು ಸ್ವಲ್ಪ ಹಿಂದಕ್ಕೆ ಚಾಚಿಕೊಂಡಿರುತ್ತದೆ, ಯಾಕೆಂದರೆ ನರ ಅದನ್ನು ಸದಾ ಒಂಚೂರು ಎಳೆದು ಹಿಡಿದಿರುತ್ತದೆ. ಹರಿದ ಕಾಲಿನ ಪಾದ ಹಿಡಿತವಿಲ್ಲದೆ ನೇರ ನೆಲದ ಕಡೆ ಜೋತುಬಿದ್ದಿರುತ್ತದೆ. ನಂತರ ಎರಡೂ ಮಂಡಿಗಳನ್ನು ಮಡಚಿಸಿ, ಅಂಗಾಲು ಸೂರಿನ ಕಡೆ ಬರಲಿ. ಹರಿದ ಕಡೆಯ ಪಾದ ಮೊಣಕಾಲಿನ ಕಡೆ ಜಾಸ್ತಿ ವಾಲಿಕೊಂಡಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

2. ಬೆರಳಾಡಿಸುವುದು. ಮೊದಲು ಚೆನ್ನಾಗಿರುವ ಕಾಲಿನ ನರದ ಮೇಲೆ ಹಿಮ್ಮಡಿಯಿಂದ ಮೇಲಕ್ಕೆ ಹೆಬ್ಬೆರಳು ಸರಿಸಿ. ಒಂದೇ ಸಮನೆ ಗಟ್ಟಿಯಾಗಿ ಸಿಗುತ್ತದೆ. ಈಗ ನೋವಿನ ಕಾಲು. ಹಿಮ್ಮಡಿ ಎಲುಬಿನಿಂದ ಸುಮಾರು 2ರಿಂದ 6 ಸೆಂಟಿಮೀಟರ್ ಮೇಲೆ, ಅಂದರೆ ಎರಡು ಮೂರು ಬೆರಳಗಲ ಮೇಲೆ, ಹೆಬ್ಬೆರಳು ಮೆತ್ತಗೆ ಒಂದು ತಗ್ಗಿಗೆ ಇಳಿದರೆ ಅಲ್ಲಿ ನರ ತುಂಡಾಗಿದೆ. ನರಕ್ಕೆ ರಕ್ತ ಪೂರೈಕೆ ತೀರಾ ಕಡಿಮೆ ಇರುವ ಜಾಗ ಅದು. ಹೆಚ್ಚಿನವು ಅಲ್ಲೇ ಹರಿಯುತ್ತವೆ. ಒಂದು ಎಚ್ಚರಿಕೆ: ಕೆಲವು ತಾಸು ಕಳೆದರೆ ರಕ್ತ, ಬಾವು ತುಂಬಿ ತಗ್ಗು ಮುಚ್ಚಿಹೋಗುತ್ತದೆ. ತಗ್ಗು ಸಿಕ್ಕರೆ ಅರ್ಥವಿದೆ, ಸಿಗದಿದ್ದರೆ ಸಮಾಧಾನ ಪಡುವಂತಿಲ್ಲ.

3. ಮೀನಖಂಡ ಹಿಂಡುವುದು. ಇದೇ ಮುಖ್ಯ ಪರೀಕ್ಷೆ. ಡಾಕ್ಟರೂ ಇದನ್ನೇ ಮಾಡುತ್ತಾರೆ. ಅವರ ಪುಸ್ತಕದಲ್ಲಿ ಇದಕ್ಕೆ ಥಾಂಪ್ಸನ್ ಪರೀಕ್ಷೆ, ಸಿಮಂಡ್ಸ್ ಪರೀಕ್ಷೆ ಅಂತ ಹೆಸರು. ಬೋರಲು ಮಲಗಿದವರ ಚೆನ್ನಾಗಿರುವ ಕಾಲಿನಿಂದಲೇ ಶುರು ಮಾಡಿ. ಮೀನಖಂಡದ ದಪ್ಪ ಭಾಗವನ್ನು ಎರಡೂ ಬದಿಯಿಂದ ಅಂಗೈಯಲ್ಲಿ ಹಿಡಿದು ಹಿಂಡಿ. ಪಾದ ತನ್ನಷ್ಟಕ್ಕೆ ಹಿಂದಕ್ಕೆ ಚಾಚುತ್ತದೆ, ತುದಿಗಾಲಲ್ಲಿ ನಿಂತಾಗ ಬಾಗುವ ದಿಕ್ಕಿಗೆ. ಬಿಟ್ಟರೆ ವಾಪಸ್ ಬರುತ್ತದೆ. ಎರಡು ಮೂರು ಸಲ ಹಿಂಡಿ ಆ ಚಲನೆ ಎಷ್ಟಿದೆ ಅಂತ ಕಣ್ಣಿಗೆ ರೂಢಿ ಮಾಡಿಕೊಳ್ಳಿ. ಆಮೇಲೆ ನೋವಿನ ಕಾಲನ್ನು ಅಷ್ಟೇ ಹದವಾಗಿ ಹಿಂಡಿ. ಪಾದ ಅಲುಗಾಡದಿದ್ದರೆ ನರ ಪೂರ್ತಿ ಹರಿದಿದೆ ಅಂತಲೇ ತಿಳಿಯಿರಿ. ಮಲಗುವುದು ಕಷ್ಟವಾದರೆ ಕುರ್ಚಿಯ ಮೇಲೆ ಮಂಡಿಯೂರಿ, ಪಾದ ಅಂಚಿನಿಂದ ಹೊರಗೆ ಇರುವ ಹಾಗೆ ಕೂರಿಸಿಯೂ ಮಾಡಬಹುದು.

ಹಿಂಡುವಾಗ ಅವರು ತಾವಾಗಿ ಪಾದ ಕುಣಿಸಬಾರದು. 'ನಿಮ್ಮ ಕಾಲು ನಿಮ್ಮದಲ್ಲ ಅಂದ್ಕೊಂಡು ಸಡಿಲ ಬಿಡ್ರಿ' ಅಂತ ಹೇಳಬೇಕಾಗುತ್ತದೆ. ನಮ್ಮ ಹಿರಿಯರು ಪರೀಕ್ಷೆ ಅಂದ ಕೂಡಲೇ ಸಹಾಯ ಮಾಡಲು ಹೋಗುತ್ತಾರೆ.

ಮೂರರಲ್ಲಿ ಯಾವುದೊಂದು ಗಟ್ಟಿಯಾಗಿ ಹೌದು ಅಂದರೂ ಅಲ್ಲಿಗೆ ನಿಲ್ಲಿಸಿ. ಒಂಟಿ ಕಾಲಿನ ತುದಿಯಲ್ಲಿ ನಿಂತು ನೋಡೋಣ ಅನ್ನುವ ಆಸೆ ಬರುತ್ತದೆ. ಬೇಡ. ಅರೆಬರೆ ಹಿಡಿದುಕೊಂಡಿರುವ ಎಳೆಗಳೂ ಹೋಗುತ್ತವೆ, ಜೊತೆಗೆ ಬೀಳುವ ಅಪಾಯವೂ ಇದೆ.

ಲಕ್ಷಣ: "ನಡೀಲಿಕ್ಕೆ ಬರ್ತದ, ಬರೇ ಉಳುಕಿರಬೇಕು"

ಈ ಒಂದು ಮಾತಿನಿಂದ ಹಾಳಾದ ಕಾಲುಗಳು ಬಹಳ. ನರ ಪೂರ್ತಿ ಹರಿದರೂ ಕುಂಟುತ್ತಾ ನಡೆಯಬಹುದು. ಬೆರಳು ಮಡಚಬಹುದು. ಪಾದವನ್ನು ಕೆಳಕ್ಕೆ ಬಾಗಿಸಲೂ ಬಹುದು. ಯಾಕೆಂದರೆ ಹರಡಿನ ಎರಡೂ ಪಕ್ಕ ಹಾದುಹೋಗುವ ಬೇರೆ ಟೆಂಡನ್‌ಗಳು, ಬೆರಳು ಮಡಚುವ ಟೆಂಡನ್‌ಗಳು ಅಷ್ಟು ಕೆಲಸ ನಿಭಾಯಿಸುತ್ತವೆ. ಅವುಗಳಿಗೆ ಆಗದ್ದು ಒಂದೇ: ಇಡೀ ಮೈಭಾರವನ್ನು ತುದಿಗಾಲಿಗೆ ಎತ್ತುವುದು. ಮೊದಲ ಸಲ ಆಸ್ಪತ್ರೆಗೆ ಹೋದಾಗಲೂ ಸುಮಾರು ಐದರಲ್ಲಿ ಒಂದು ಕೇಸು ಉಳುಕು ಅಂತ ತಪ್ಪಿಹೋಗುತ್ತದೆ ಎಂದು ವೈದ್ಯಕೀಯದವರೇ ಒಪ್ಪುತ್ತಾರೆ.

ಉಳುಕಿದ್ದರೆ ನೋವು, ಬಾವು ಹರಡಿನ ಪಕ್ಕದಲ್ಲಿರುತ್ತದೆ, ಬಹಳ ಸಲ ಹೊರಮೈಯ ಗಿಣ್ಣಿನ ಕೆಳಗೆ. ಪಾದ ಒಳಕ್ಕೆ ಮಡಚಿ ಬಿದ್ದೆ ಅಂತ ಅವರಿಗೇ ನೆನಪಿರುತ್ತದೆ. ನರ ಹರಿದಿದ್ದರೆ ನೋವು ಹಿಂದಿರುತ್ತದೆ, ಕಾಲು ಮಡಚಿರುವುದಿಲ್ಲ. ಉಳುಕಿನಲ್ಲಿ ಮೀನಖಂಡ ಹಿಂಡಿದರೆ ಪಾದ ಅಲುಗುತ್ತದೆ. ಎಕ್ಸ್‌ರೇ ನಾರ್ಮಲ್ ಬಂತು ಅಂತ ಸುಮ್ಮನಾಗಬೇಡಿ. ಎಕ್ಸ್‌ರೇ ತೋರಿಸುವುದು ಎಲುಬನ್ನು. ನರ ಅದರಲ್ಲಿ ನೇರವಾಗಿ ಕಾಣುವುದಿಲ್ಲ.

ಉಳುಕು ತೆಗೆಯುವವರ ಬಗ್ಗೆಯೂ ಹೇಳಲೇಬೇಕು. ನಮ್ಮ ಊರುಗಳಲ್ಲಿ ಎಣ್ಣೆ ಹಚ್ಚಿ ತಿಕ್ಕಿ, ಪಾದ ಹಿಡಿದು ಒಮ್ಮೆ ಜಗ್ಗಿ ಬಿಡುವ ಕಾಕಾ ಇದ್ದೇ ಇರುತ್ತಾರೆ. ಅವರ ಮೇಲೆ ಜನಕ್ಕೆ ವಿಶ್ವಾಸ ಇದೆ, ಇರಲಿ. ಆದರೆ ಈ ಗಾಯಕ್ಕೆ ಅದು ಆಗಿಬರುವುದಿಲ್ಲ. ಹರಿದ ತುದಿಗಳು ಒಂದಕ್ಕೊಂದು ಹತ್ತಿರ ಇದ್ದರೆ ಕೂಡಿಕೊಳ್ಳುತ್ತವೆ. ಪಾದವನ್ನು ಮೇಲಕ್ಕೆ ಬಗ್ಗಿಸಿ ಜಗ್ಗಿದಾಗ ಅವು ಇನ್ನೂ ದೂರ ಸರಿಯುತ್ತವೆ. ಮೊದಲು ಹಿಂಡಿ ನೋಡಿ. ಪಾದ ಅಲುಗದಿದ್ದರೆ ಯಾರಿಗೂ ಜಗ್ಗಲು ಕೊಡಬೇಡಿ.

ಲಕ್ಷಣ: ನೋವು ಮೀನಖಂಡದಲ್ಲೇ ಇದೆ, ಹಿಮ್ಮಡಿ ಹತ್ತಿರ ಅಲ್ಲ

ಇಲ್ಲೂ 'ಟಪ್' ಅನ್ನಬಹುದು. ಆದರೆ ಮುಟ್ಟಿದರೆ ನೋಯುವ ಜಾಗ ಮೀನಖಂಡದ ನಡುವೆ, ಒಳಬದಿಗೆ ಇರುತ್ತದೆ. ಹಿಂಡಿದರೆ ಬಹಳ ನೋಯುತ್ತದೆ, ಆದರೂ ಪಾದ ಅಲುಗುತ್ತದೆ. ಇದು ಸ್ನಾಯು ಹರಿದ ಗಾಯ. ಹೆಚ್ಚಿನವು ವಿಶ್ರಾಂತಿ, ಐಸ್, ವ್ಯಾಯಾಮದಿಂದ ವಾಸಿಯಾಗುತ್ತವೆ.

'ಟಪ್' ಇಲ್ಲದೆ, ಯಾವ ಆಟವೂ ಇಲ್ಲದೆ ಒಂದೇ ಮೀನಖಂಡ ದಿನಗಳಲ್ಲಿ ಬಾತು ಬಿಗಿಯಾದರೆ ಅದನ್ನು ತಿಕ್ಕಬೇಡಿ, ಹಿಂಡಲೂ ಬೇಡಿ. ಆಪರೇಷನ್ ಆದವರು, ಬಾಣಂತಿಯರು, ಬಹಳ ದಿನ ಹಾಸಿಗೆ ಹಿಡಿದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇದ್ದರೆ ರಕ್ತ ಹೆಪ್ಪುಗಟ್ಟಿರುವ ಸಂಭವ ಜಾಸ್ತಿ. ಅವತ್ತೇ ಡಾಪ್ಲರ್ ಸ್ಕ್ಯಾನ್, ಅಂದರೆ ರಕ್ತದ ಹರಿವು ನೋಡುವ ಸ್ಕ್ಯಾನ್ ಆಗಬೇಕು.

ಲಕ್ಷಣ: ಹರಿದಿಲ್ಲ, ಆದರೆ ಬೆಳಿಗ್ಗೆ ಎದ್ದಾಗ ಹಿಮ್ಮಡಿ ಹಿಂದೆ ಬಿಗಿತ

ಹಾಸಿಗೆಯಿಂದ ಇಳಿದ ಮೊದಲ ನಾಲ್ಕು ಹೆಜ್ಜೆ ಕಷ್ಟ, ಓಡಾಡಿದ ಮೇಲೆ ಸಡಿಲ. ನರದ ಮೇಲೆ ಬೆರಳಿಟ್ಟು ಒತ್ತಿದರೆ ನೋವು. ಇನ್ನೊಂದು ಕಾಲಿಗಿಂತ ದಪ್ಪ. ಇದು ನರದ ಸವೆತ. ನಿಧಾನವಾಗಿ ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಯವರ ಹತ್ತಿರ ಕಲಿತು ವಾರಗಟ್ಟಲೆ ಮಾಡಿದರೆ ಬಹಳ ಜನರಿಗೆ ಗುಣ ಬರುತ್ತದೆ. ಅಂಗಾಲಿನ ಕಡೆ, ಹಿಮ್ಮಡಿಯ ಕೆಳಗೆ ಚುಚ್ಚಿದ ಹಾಗಾದರೆ ಅದು ಬೇರೆ ತೊಂದರೆ, ಹಿಮ್ಮಡಿ ನರದ್ದಲ್ಲ.

ಎಚ್ಚರಿಕೆ ಇಷ್ಟು: ಈ ನೋವಿಗೆ ನರದೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ಒಂದೆರಡು ವಾರ ಹಾಯ್ ಅನಿಸುತ್ತದೆ, ಆದರೆ ನರ ಇನ್ನೂ ಸೋಲುತ್ತದೆ. ನೋವಿಲ್ಲ ಅಂತ ಓಡಿದಾಗ ಹರಿಯುತ್ತದೆ. ಮತ್ತು ಈ ಬಿಗಿತ ಹೊಸದಾಗಿ ಶುರುವಾಗಿದ್ದರೆ ಮುಂದಿನ ಭಾಗವನ್ನು ಈಗಲೇ ಓದಿ.

ಲಕ್ಷಣ: "ಏನೂ ಮಾಡಿಲ್ಲ, ಸುಮ್ನೆ ನಡೀತಿದ್ದೆ, ಹರಿದುಹೋಯ್ತು"

ಆಟ ಇಲ್ಲ, ಓಟ ಇಲ್ಲ, ಬಿದ್ದಿಲ್ಲ. ಮನೆಯೊಳಗೆ ಓಡಾಡುವಾಗ, ನಾಲ್ಕು ಮೆಟ್ಟಿಲು ಇಳಿಯುವಾಗ, ನಮಾಜಿಗೋ ಪೂಜೆಗೋ ಕೂತು ಏಳುವಾಗ ಹರಿದಿದೆ. ಅಪರೂಪಕ್ಕೆ ಎರಡೂ ಕಾಲಿನದು. ಇಂಥದ್ದಾದರೆ ನರ ಮೊದಲೇ ಸೋತಿತ್ತು ಅಂತಲೇ ಲೆಕ್ಕ. ತಪಾಸಣೆ ಕಾಲಿನಿಂದಲ್ಲ, ಮನೆಯ ಮಾತ್ರೆ ಡಬ್ಬಿಯಿಂದ ಶುರುವಾಗಬೇಕು.

ಡಬ್ಬಿ ನೆಲದ ಮೇಲೆ ಸುರುವಿ. ಕಳೆದ ಆರು ತಿಂಗಳಲ್ಲಿ ನುಂಗಿದ ಪಟ್ಟಿಗಳು, ಖಾಲಿಯಾದವೂ ಸೇರಿ, ಒಂದೊಂದೇ ತಿರುವಿ ಹೆಸರು ಓದಿ. 'ಫ್ಲಾಕ್ಸಾಸಿನ್' ಅಂತ ಕೊನೆಯಾಗುವ ಹೆಸರು ಇದೆಯೇ? ಸಿಪ್ರೋಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್, ನಾರ್ಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್, ಎಲ್ಲವೂ ಒಂದೇ ಗುಂಪು. ಭೇದಿಗೆ ಅಂತ ಮೆಡಿಕಲ್‌ನಲ್ಲಿ ಚೀಟಿ ಇಲ್ಲದೆ ಕೊಡುವ ಪಟ್ಟಿಯಲ್ಲಿ ಬಹಳ ಸಲ ಎರಡು ಔಷಧದ ಹೆಸರಿರುತ್ತದೆ: ಆಫ್ಲಾಕ್ಸಾಸಿನ್ ಮತ್ತು ಆರ್ನಿಡಜೋಲ್, ಇಲ್ಲವೇ ನಾರ್ಫ್ಲಾಕ್ಸಾಸಿನ್ ಮತ್ತು ಟಿನಿಡಜೋಲ್. ಬೇಸಿಗೆಯಲ್ಲಿ ನಮ್ಮಲ್ಲಿ ನಲವತ್ತು ಡಿಗ್ರಿ ದಾಟಿದ ಮೇಲೆ ಭೇದಿ, ಉರಿಮೂತ್ರ ಎರಡೂ ಸಾಮಾನ್ಯ. ಎರಡಕ್ಕೂ ಕೈಗೆ ಬರುವುದು ಇದೇ ಗುಂಪಿನ ಮಾತ್ರೆ. 'ಭೇದಿ ಮಾತ್ರೆ' ಅಂತ ಮಾತ್ರ ನೆನಪಿರುತ್ತದೆ, ಅದೊಂದು ಆ್ಯಂಟಿಬಯಾಟಿಕ್ ಅನ್ನುವುದು ನೆನಪಿರುವುದಿಲ್ಲ.

ಈ ಔಷಧಗಳು ಟೆಂಡನ್‌ನ ನಾರುಗಳನ್ನು ಮತ್ತು ಅವನ್ನು ರಿಪೇರಿ ಮಾಡುವ ಕಣಗಳನ್ನು ದುರ್ಬಲ ಮಾಡಬಲ್ಲವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಟೆಂಡನ್ ಹರಿಯುವ ಅಪಾಯವನ್ನು ಇವುಗಳ ಚೀಟಿಯ ಮೇಲೆ ಕಪ್ಪು ಚೌಕಟ್ಟಿನಲ್ಲಿ ಅಚ್ಚು ಹಾಕಬೇಕು ಅಂತ ಮಾಡಿತು. 2016ರಲ್ಲಿ ಇನ್ನೂ ಬಿಗಿ ಮಾಡಿ, ಸರಳ ಮೂತ್ರ ಸೋಂಕು, ಸೈನಸ್‌ನಂಥವಕ್ಕೆ ಬೇರೆ ಔಷಧ ಇರುವಾಗ ಇವು ಬೇಡ ಅಂದಿತು. ನುಂಗಿದ ಎಲ್ಲರಿಗೂ ಹೀಗಾಗುವುದಿಲ್ಲ, ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಅಪಾಯ ಏರುವುದು 60 ದಾಟಿದವರಿಗೆ, ಜೊತೆಗೆ ಸ್ಟೀರಾಯ್ಡ್ ನುಂಗುವವರಿಗೆ, ಕಿಡ್ನಿ ಕೆಟ್ಟವರಿಗೆ, ಕಿಡ್ನಿ ಅಥವಾ ಹೃದಯ ಬದಲಿ ಜೋಡಣೆ ಆದವರಿಗೆ. ಮಾತ್ರೆ ಶುರು ಮಾಡಿದ ಒಂದೆರಡು ದಿನದಲ್ಲೇ ನೋವು ಬರಬಹುದು. ನಿಲ್ಲಿಸಿ ತಿಂಗಳುಗಳಾದ ಮೇಲೂ ಬರಬಹುದು. ಅದಕ್ಕೇ ಆರು ತಿಂಗಳ ಪಟ್ಟಿ ಹುಡುಕಿ ಅಂದದ್ದು.

ಎರಡನೆಯದು ಸ್ಟೀರಾಯ್ಡ್. ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಡಿಫ್ಲಾಜಾಕಾರ್ಟ್ ಅಂತ ಹೆಸರು ನೋಡಿ. ದಮ್ಮಿಗೆ, ಸಂಧಿವಾತಕ್ಕೆ, ಚಿಕೂನ್‌ಗುನ್ಯಾ ಆದ ಮೇಲೆ ಉಳಿದ ಕೀಲುನೋವಿಗೆ ವರ್ಷಗಟ್ಟಲೆ ನುಂಗುವವರಿದ್ದಾರೆ. ಹೆಸರಿಲ್ಲದ ಪುಡಿ ಪೊಟ್ಟಣ, ಕಾಗದದಲ್ಲಿ ಸುತ್ತಿದ ಬಿಡಿ ಮಾತ್ರೆ ನುಂಗಿದ ಕೂಡಲೇ ಮಂಡಿನೋವು ಮಾಯವಾಗುತ್ತದೆ ಅಂದರೆ ನನಗೆ ಮೊದಲು ಬರುವ ಅನುಮಾನ ಅದರಲ್ಲಿ ಸ್ಟೀರಾಯ್ಡ್ ಇದೆ ಅಂತಲೇ. ಆ ಪೊಟ್ಟಣವನ್ನೂ ಡಾಕ್ಟರಿಗೆ ತೋರಿಸಿ. ನಾಚಿಕೆ ಪಡುವ ವಿಷಯ ಅಲ್ಲ.

ಹೆಸರು ಸಿಕ್ಕಿತು ಅಂತ ಮಾತ್ರೆಯನ್ನು ನೀವೇ ನಿಲ್ಲಿಸುವುದು ಇನ್ನೊಂದು ಅಪಾಯ. ಭೇದಿಗೋ ಉರಿಮೂತ್ರಕ್ಕೋ ಫ್ಲಾಕ್ಸಾಸಿನ್ ನುಂಗುತ್ತಿರುವಾಗ ಹಿಮ್ಮಡಿ ನೋವು ಬಂದರೆ ಮುಂದಿನ ಗುಳಿಗೆಗೆ ಮೊದಲೇ ಡಾಕ್ಟರಿಗೆ ಫೋನ್ ಮಾಡಿ, ಬದಲಿ ಕೇಳಿ. ಔಷಧಕ್ಕೆ ಬಗ್ಗದ ಟಿಬಿಗೆ ಲಿವೋಫ್ಲಾಕ್ಸಾಸಿನ್ ಅಥವಾ ಮಾಕ್ಸಿಫ್ಲಾಕ್ಸಾಸಿನ್ ನಡೆದಿದ್ದರೆ ಟಿಬಿ ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬೇಡಿ. ಬಹಳ ದಿನ ನುಂಗಿದ ಸ್ಟೀರಾಯ್ಡನ್ನೂ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಕುತ್ತು ಬರಬಹುದು. ನೀವಾಗಿ ನಿಲ್ಲಿಸಬಹುದಾದದ್ದು ಓಟ, ಜಿಗಿತ, ಭಾರ ಹೊರುವುದು.

ಡಬ್ಬಿಯಲ್ಲಿ ಏನೂ ಸಿಗಲಿಲ್ಲವೇ? ಆಗ ರಕ್ತ ಪರೀಕ್ಷೆ. ಶುಗರ್ ಬಹಳ ವರ್ಷದಿಂದ ಹತೋಟಿ ತಪ್ಪಿದ್ದರೆ ನರದ ನಾರು ಬಿರುಸಾಗುತ್ತದೆ. ಡಯಾಲಿಸಿಸ್ ಮೇಲಿರುವವರಲ್ಲಿ ಪ್ಯಾರಾಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿ, ನರ ಎಲುಬಿಗೆ ಅಂಟುವ ಜಾಗವೇ ಸಡಿಲಾಗುತ್ತದೆ. ಎರಡೂ ಕಾಲಿನದು ಹರಿಯುವ ಕೇಸುಗಳಲ್ಲಿ ಇವರೂ ಇರುತ್ತಾರೆ. ಯೂರಿಕ್ ಆಸಿಡ್ ಜಾಸ್ತಿಯಾಗಿ ಗೌಟ್ ಬಂದವರು, ರುಮಟಾಯ್ಡ್ ಸಂಧಿವಾತದವರು, ಲೂಪಸ್ ಇರುವವರು ಕೂಡ ಸಾಲಿನಲ್ಲಿದ್ದಾರೆ.

ಇನ್ನೊಂದನ್ನು ಕಣ್ಣಿನಿಂದಲೇ ಹಿಡಿಯಬಹುದು. ಎರಡೂ ಕಾಲಿನ ಹಿಮ್ಮಡಿ ನರ ಗಂಟುಗಂಟಾಗಿ ದಪ್ಪಗಿದೆ, ಕಣ್ಣರೆಪ್ಪೆಯ ಮೇಲೆ ಹಳದಿ ಕಲೆ ಇದೆ, ಅಪ್ಪನಿಗೋ ಅಣ್ಣನಿಗೋ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಗಿದೆ. ಇದು ವಂಶಪಾರಂಪರ್ಯವಾಗಿ ಬರುವ ಕೊಲೆಸ್ಟ್ರಾಲ್ ದೋಷ ಇರಬಹುದು. ಕಾಲಿನ ಗಂಟು ನೋಡಿ ಎದೆಗೆ ಬರಲಿರುವ ಆಪತ್ತನ್ನು ಮೊದಲೇ ತಿಳಿಯಬಹುದಾದ ಅಪರೂಪದ ಸಂದರ್ಭ. ಮನೆಮಂದಿಯೆಲ್ಲ ಲಿಪಿಡ್ ಪರೀಕ್ಷೆ ಮಾಡಿಸಿಕೊಳ್ಳಿ.

ಇದಾವುದೂ ಇಲ್ಲದವರೂ ಬಹಳ ಜನ ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರು 30ರಿಂದ 50ರೊಳಗಿನ ಗಂಡಸರು. ವಾರವಿಡೀ ಅಂಗಡಿಯ ಗಲ್ಲಾದಲ್ಲೋ ಕಚೇರಿಯಲ್ಲೋ ಕೂತು, ವಾರಕ್ಕೊಮ್ಮೆ ಮೈ ಬಿಸಿ ಮಾಡಿಕೊಳ್ಳದೆ ಮೈದಾನಕ್ಕೆ ಇಳಿಯುವವರು. ಜೊತೆಗೆ ಮೈತೂಕ ಏರಿದ್ದರೆ ಎಳೆತ ಇನ್ನೂ ಜಾಸ್ತಿ.

ಲಕ್ಷಣ: ಕಾಲು ತಗ್ಗಿಗೆ ಬಿತ್ತು, ಜಾರಿತು, ಆಮೇಲೆ ಹೀಗಾಯಿತು

ಪಾದದ ಮುಂಭಾಗ ಒಮ್ಮೆಲೇ ಮೇಲಕ್ಕೆ ಬಾಗಿದರೆ ನರಕ್ಕೆ ಗಟ್ಟಿ ಎಳೆತ ಬೀಳುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಾಯಿಬಿಟ್ಟಾಗ ಬಿರುಕಿನಲ್ಲಿ ಕಾಲು ಸಿಕ್ಕುವುದು, ಶಹಾಬಾದ್, ಚಿತ್ತಾಪುರದ ಕಡೆ ಫರ್ಸಿ ಕಲ್ಲಿನ ಗಣಿಯಲ್ಲಿ ಹೊರೆ ಹೊತ್ತು ಇಳಿಯುವಾಗ ಮೆಟ್ಟಿಲು ತಪ್ಪುವುದು, ತೊಗರಿ ಚೀಲ ಬೆನ್ನಿಗೆ ಏರಿಸಿಕೊಂಡು ಲಾರಿ ಹಲಗೆ ಹತ್ತುವಾಗ ಹಿಮ್ಮಡಿ ಕೆಳಗೆ ಜಾರುವುದು ಎಲ್ಲಾ ಇದೇ ರೀತಿ. ಪರೀಕ್ಷೆ ಮೇಲಿನದ್ದೇ. ಎತ್ತರದಿಂದ ಬಿದ್ದಿದ್ದರೆ ಎಲುಬಿನ ಎಕ್ಸ್‌ರೇ ಖಂಡಿತ ಬೇಕು, ಸೊಂಟದ್ದೂ ಸೇರಿ.

ಪಾಯಖಾನೆಯಲ್ಲಿ ಜಾರಿ ಆಗುವ ಗಾಯವನ್ನು ಬೇರೆಯಾಗಿಯೇ ಹೇಳಬೇಕು. ಕುಕ್ಕರಗಾಲಲ್ಲಿ ಕೂರುವ ಬೇಸಿನ್ನಿಗೆ ಪಾದ ಜಾರಿ ಬಿದ್ದಾಗ ಅದರ ಒಡೆದ ಅಂಚು ಹಿಮ್ಮಡಿ ಹಿಂದೆ ಕೊಯ್ಯುತ್ತದೆ. ಹೊರಗೆ ಕಾಣುವುದು ಎರಡು ಬೆರಳಗಲದ ಗಾಯ. ಒಳಗೆ ನರ ಅರ್ಧವೋ ಪೂರ್ತಿಯೋ ತುಂಡಾಗಿರುತ್ತದೆ. ಮೇಲೆ ಮೂರು ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದವರು ಇದ್ದಾರೆ. ಆ ಗಾಯದಲ್ಲಿ ಹೊಲಸು ಇರುವುದರಿಂದ ಕೀವಾಗುವ ಭಯ ದೊಡ್ಡದು. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು, ಅವತ್ತೇ ಎಲುಬು ಡಾಕ್ಟರ್ ಇರುವ ಆಸ್ಪತ್ರೆಗೆ ಹೋಗಿ. ಟೆಟನಸ್ ಇಂಜೆಕ್ಷನ್ ಕೇಳಿ. 'ಒಳಗಿನ ನರ ನೋಡಿದ್ರೇನ್ರಿ?' ಅಂತ ಬಾಯಿಬಿಟ್ಟು ಕೇಳಿ. ಕುಡಗೋಲು, ಗಾಜು, ಫರ್ಸಿ ಚೂರಿನ ಗಾಯಕ್ಕೂ ಇದೇ ಮಾತು.

ಲಕ್ಷಣ: ತಿಂಗಳ ಮೇಲಾಯಿತು, ನೋವಿಲ್ಲ, ಕುಂಟು ಹೋಗಿಲ್ಲ

ಮೆಟ್ಟಿಲು ಏರುವಾಗ ಆ ಕಾಲು ಮೈಯನ್ನು ಎತ್ತುವುದಿಲ್ಲ. ಮೀನಖಂಡ ಸಣ್ಣಗಾಗಿದೆ. ಗೋಡೆ ಹಿಡಿದು ಆ ಒಂದೇ ಕಾಲಿನ ತುದಿಯಲ್ಲಿ ನಿಲ್ಲಲು ಹೋದರೆ ಹಿಮ್ಮಡಿ ನೆಲ ಬಿಡುವುದೇ ಇಲ್ಲ. ನರ ಹಿಂದೆಯೇ ಹರಿದದ್ದು ಕಣ್ಣುತಪ್ಪಿದೆ. ನಡುವೆ ಗಾಯದ ನಾರು ತುಂಬಿ ನರ ಉದ್ದವಾಗಿರುತ್ತದೆ. ಹಾಗಾಗಿ ಹಿಂಡುವ ಪರೀಕ್ಷೆಯಲ್ಲಿ ಪಾದ ಅಲ್ಪಸ್ವಲ್ಪ ಅಲುಗಬಹುದು, ಅದನ್ನು ನಂಬಬೇಡಿ. ನಾಲ್ಕಾರು ವಾರ ದಾಟಿದರೆ ತುದಿಗಳನ್ನು ಸುಮ್ನೆ ಕೂಡಿಸಿ ಹೊಲಿಯಲು ಆಗುವುದಿಲ್ಲ. ಮೇಲಿನ ಭಾಗವನ್ನು ಇಳಿಸಿ ತರಬೇಕು, ಇಲ್ಲವೇ ಕಾಲಿನ ಹೆಬ್ಬೆರಳು ಮಡಚುವ ಟೆಂಡನ್ ತಂದು ಜೋಡಿಸಬೇಕು. ತಡವಾಯಿತು ಅಂತ ಬಿಟ್ಟುಬಿಡುವ ಅಗತ್ಯ ಇಲ್ಲ, ದಾರಿ ಇದೆ. ಆಪರೇಷನ್ ಮಾತ್ರ ದೊಡ್ಡದಾಗುತ್ತದೆ.

ಹರಿದಿದೆ ಅಂತ ಅನಿಸಿದ ಮೇಲೆ, ಆಸ್ಪತ್ರೆ ಸೇರುವವರೆಗೆ

ಆ ಕಾಲಿನ ಮೇಲೆ ಭಾರ ಹಾಕಬೇಡಿ. ಬೂಟು, ಕಾಲುಂಗುರ, ಕಡಗ ಬಾವು ಬರುವ ಮೊದಲೇ ತೆಗೆಯಿರಿ. ಪಾದದ ಬೆರಳು ಕೆಳಕ್ಕೆ ಚಾಚಿರುವ ಭಂಗಿಯಲ್ಲೇ, ಮಡಚಿದ ರಟ್ಟು ಅಥವಾ ದಪ್ಪ ಪೇಪರ್ ಇಟ್ಟು ಟವೆಲ್ಲಿನಿಂದ ಸಡಿಲವಾಗಿ ಕಟ್ಟಿ. ಪಾದವನ್ನು ಮೊಣಕಾಲಿನ ಕಡೆ ಬಗ್ಗಿಸಬೇಡಿ. ಐಸ್ ಅನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಡಿ. ಶುಗರ್‌ನಿಂದ ಪಾದ ಜೋಮು ಹಿಡಿದವರಿಗೆ ಐಸ್ ಬೇಡ, ಸುಟ್ಟರೂ ತಿಳಿಯುವುದಿಲ್ಲ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಕಿಡ್ನಿ ತೊಂದರೆ ಇದ್ದವರು ಡೈಕ್ಲೋಫೆನಾಕ್ ಮುಟ್ಟಬಾರದು. ಬೈಕಿನ ಹಿಂದೆ ಕಾಲು ಜೋತುಬಿಟ್ಟು ಹೋಗುವುದಕ್ಕಿಂತ ಆಟೋದಲ್ಲಿ ಕಾಲು ಚಾಚಿ ಹೋಗುವುದು ವಾಸಿ.

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ಓಪಿಡಿಯಲ್ಲಿ 'ಎಲುಬು ವಿಭಾಗ' ಅಂತ ಕೇಳಿ. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ, ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಗೆ ಬೇಕಾಗುತ್ತವೆ. ಮಾತ್ರೆ ಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಳ್ಳಿ. ಸ್ಕ್ಯಾನ್ ಬೇಕಾದರೆ ಮೊದಲು ಅಲ್ಟ್ರಾಸೌಂಡ್. ಎಂಆರ್‌ಐಗಿಂತ ಬಹಳ ಅಗ್ಗ, ಪಾದ ಅಲುಗಿಸುತ್ತಾ ತುದಿಗಳು ಎಷ್ಟು ಹತ್ತಿರ ಬರುತ್ತವೆ ಅಂತ ನೋಡಲೂ ಬರುತ್ತದೆ. ಹಿಂಡುವ ಪರೀಕ್ಷೆ ಸ್ಪಷ್ಟವಾಗಿದ್ದರೆ ಎಂಆರ್‌ಐ ಹೆಚ್ಚಿನವರಿಗೆ ಬೇಕಾಗುವುದಿಲ್ಲ.

ಆಪರೇಷನ್ ಆಗಲೇಬೇಕು ಅಂತಿಲ್ಲ. ಬೇಗ ಪತ್ತೆಯಾಗಿ ತುದಿಗಳು ಹತ್ತಿರ ಬರುವಂತಿದ್ದರೆ ಬೆರಳು ಕೆಳಗೆ ಚಾಚಿದ ಭಂಗಿಯಲ್ಲಿ ಪ್ಲಾಸ್ಟರ್, ಆಮೇಲೆ ಹಿಮ್ಮಡಿ ಕೆಳಗೆ ಅಟ್ಟೆ ಇಟ್ಟ ಬೂಟು, ಕ್ರಮವಾದ ವ್ಯಾಯಾಮ. ಇದರಿಂದಲೂ ಆಪರೇಷನ್ನಿಗೆ ಹತ್ತಿರದ ಫಲಿತಾಂಶ ಸಿಗುತ್ತದೆ. ಆಪರೇಷನ್‌ನಲ್ಲಿ ಮತ್ತೆ ಹರಿಯುವ ಭಯ ಸ್ವಲ್ಪ ಕಡಿಮೆ, ಗಾಯ ಕೀವಾಗುವ ಭಯ ಜಾಸ್ತಿ. ಶುಗರ್ ಇರುವವರು, ಬೀಡಿ ಸಿಗರೇಟು ಸೇದುವವರು, ಸ್ಟೀರಾಯ್ಡ್ ಮೇಲಿರುವವರು ಈ ಎರಡನೆಯದನ್ನು ಡಾಕ್ಟರ ಹತ್ತಿರ ಕೂತು ಮಾತಾಡಬೇಕು. ಯಾವ ದಾರಿ ಹಿಡಿದರೂ ಆಟಕ್ಕೆ ಮರಳಲು ಆರು ತಿಂಗಳಿಂದ ಒಂದು ವರ್ಷ.

ಪ್ಲಾಸ್ಟರ್ ಇರುವಾಗ ಬೆರಳು ಬಾತು ನೀಲಿಗಟ್ಟಿದರೆ, ಒಳಗೆ ಒಂದೇ ಜಾಗ ಉರಿಯುತ್ತಿದ್ದರೆ, ಮೀನಖಂಡ ಬಿಗಿದು ನೋಯುತ್ತಿದ್ದರೆ ರಾತ್ರಿಯಾದರೂ ಸರಿ, ವಾಪಸ್ ಹೋಗಿ ತೋರಿಸಿ. ಬಿಚ್ಚಿದ ಮೇಲಿನ ಕೆಲವು ವಾರಗಳಲ್ಲಿ ಮತ್ತೆ ಹರಿಯುವ ಸಂಭವ ಜಾಸ್ತಿ, ಒದ್ದೆ ಬಚ್ಚಲು ಮತ್ತು ಹೊರಟ ಬಸ್ಸು ಎರಡರಿಂದಲೂ ದೂರ ಇರಿ. ಮಾತ್ರೆಯಿಂದ ಅಥವಾ ಕಾಯಿಲೆಯಿಂದ ಹರಿದಿದ್ದರೆ ಇನ್ನೊಂದು ಕಾಲಿನ ನರವೂ ಅದೇ ಮಾತ್ರೆ, ಅದೇ ಶುಗರ್ ಉಂಡಿದೆ. ಫಿಸಿಯೋಥೆರಪಿಗೆ ಹೋದಾಗ ಅದನ್ನೂ ಒತ್ತಿ ನೋಡಲು ಹೇಳಿ.